ಬೈಬಲ್ ಶಾಲೆಗಳ ಒಕ್ಕೂಟದ ಸದಸ್ಯತ್ವ: ಬೀದರಿನಿಂದ ಒಂದು ವಿಮರ್ಶೆ

ಸುವಾರ್ತಾ (ಇವ್ಯಾಂಜೆಲಿಕಲ್) ಪರಂಪರೆಯ ಬೈಬಲ್ ಶಾಲೆಗಳು, ಅಂದರೆ ಸಭಾಪಾಲಕರನ್ನು (ಪಾಸ್ಟರುಗಳನ್ನು) ತರಬೇತುಗೊಳಿಸುವ ಕ್ರೈಸ್ತ ಶಾಲೆಗಳು, ಒಕ್ಕೂಟ ಕಟ್ಟಿಕೊಂಡು ಅಧ್ಯಾಪಕರನ್ನು, ಪುಸ್ತಕಗಳನ್ನು ಮತ್ತು ಪರೀಕ್ಷಾ ವ್ಯವಸ್ಥೆಯನ್ನು ತಮ್ಮ ತಮ್ಮಲ್ಲೇ ಹಂಚಿಕೊಳ್ಳುವ ಸೇವೆಗೆ ಬೀದರಿನ ನಮ್ಮ ಸಣ್ಣ ಶಾಲೆಯೂ ಸೇರಿ ಈಗ ಹಲವು ಶೈಕ್ಷಣಿಕ ವರ್ಷಗಳಾಗಿವೆ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಪಡೆಯುವ ಸೇವೆಯಾದ್ದರಿಂದ ಇದನ್ನು ಬೇರೆ ಯಾವುದೇ ಸೇವೆಯಂತೆ ತೂಗಿ ನೋಡಬಹುದು, ನೋಡಲೂಬೇಕು. ಆ ಶುಲ್ಕ ನಮ್ಮ ಸಭೆಗಳ (ಚರ್ಚುಗಳ) ಕಾಣಿಕೆಯಿಂದ ಬಂದ ಹಣ. ಕಲಬುರಗಿ ಮತ್ತು ಯಾದಗಿರಿ ಕಡೆಯ ಕೆಲವು ಶಾಲೆಗಳವರು ಸೇರಬೇಕೋ ಬೇಡವೋ ಎಂದು ವಿಚಾರಿಸುತ್ತಲೇ ಇದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸೇರಬೇಕು, ಆದರೆ ಕಚೇರಿಯ ಗೋಡೆಗೆ ತೂಗುಹಾಕುವ ಪ್ರಮಾಣಪತ್ರಕ್ಕಾಗಿ ಸೇರಬಾರದು. ಒಳ್ಳೆಯ ಅಧ್ಯಾಪಕರೂ ಒಳ್ಳೆಯ ಪುಸ್ತಕಗಳೂ ಕನ್ನಡದಲ್ಲಿ ಕಲಿಯುವ ವಿದ್ಯಾರ್ಥಿಯ ಬಳಿಗೇ ಬಂದು ಮುಟ್ಟುತ್ತವೆಯೇ ಎಂಬುದೊಂದೇ ಈ ಸೇವೆಯನ್ನು ಅಳೆಯುವ ಸರಿಯಾದ ಅಳತೆ.

ಇಂಥ ಸೇವೆ ನಮಗೆ ಏಕೆ ಬೇಕಾಯಿತು ಎಂಬುದಕ್ಕೆ ನಾವಿರುವ ಜಾಗವೇ ಮೊದಲ ಕಾರಣ. ರಾಜ್ಯದ ಹೆಸರಾಂತ ದೇವಶಾಸ್ತ್ರ ವಿದ್ಯಾಲಯಗಳೆಲ್ಲ ದಕ್ಷಿಣದಲ್ಲಿವೆ. 1910ರಲ್ಲಿ ಆರಂಭವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು ಮತ್ತು 1982ರಲ್ಲಿ ಆರಂಭವಾದ ಸಯಾಕ್ಸ್ ಬೆಂಗಳೂರಿನಲ್ಲಿವೆ. 1965ರಲ್ಲಿ ರೂಪುಗೊಂಡ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಮಂಗಳೂರಿನಲ್ಲಿದೆ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ. ಹೈದರಾಬಾದು ಹತ್ತಿರ, 140 ಕಿಲೋಮೀಟರಿನ ಆಸುಪಾಸು. ಆದರೆ ಅಲ್ಲಿ ಕಲಿಸುವುದು ಇಂಗ್ಲಿಷಿನಲ್ಲಿ ಇಲ್ಲವೇ ತೆಲುಗಿನಲ್ಲಿ. ನಮ್ಮಲ್ಲಿಗೆ ಬರುವವರು ಔರಾದ, ಭಾಲ್ಕಿ, ಹುಮನಾಬಾದ, ಚಿಂಚೋಳಿ, ಶಹಾಪುರ, ಸುರಪುರದ ಹಳ್ಳಿಗಳವರು. ಹೆಚ್ಚಿನವರು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದವರು, ಹೊಲಮನೆ ಇರುವವರು, ಮದುವೆಯಾಗಿ ಮಕ್ಕಳಿರುವವರು. ಮನೆಯಲ್ಲಿ ಕೆಲವರು ಮರಾಠಿ, ಕೆಲವರು ಲಂಬಾಣಿ, ಪೇಟೆಯಲ್ಲಿ ಎಲ್ಲರೂ ದಖ್ಖನಿ ಮಾತಾಡುತ್ತಾರೆ. ಓದುಬರಹ ಮಾತ್ರ ಕನ್ನಡದಲ್ಲಿ. ಇವರನ್ನು ಮೂರು ವರ್ಷ ಬೆಂಗಳೂರಿಗೆ ಕಳಿಸುವುದೆಂದರೆ ಮೂರು ವರ್ಷ ಒಂದೊಂದು ಹಳ್ಳಿಯ ಸಭೆಯನ್ನು ಸಭಾಪಾಲಕರಿಲ್ಲದೆ ಬಿಡುವುದೆಂದೇ ಅರ್ಥ.

ಹಾಗಾಗಿ ಇಲ್ಲಿಯೇ ಸಣ್ಣ ಸಣ್ಣ ಶಾಲೆಗಳು ಹುಟ್ಟಿಕೊಂಡವು. ಅವುಗಳ ಕಷ್ಟವೂ ಒಂದೇ ಬಗೆಯದು. ಮೂವರು ಅಥವಾ ನಾಲ್ವರು ಅಧ್ಯಾಪಕರು ಸೇರಿ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭಾ ಚರಿತ್ರೆ, ಸಿದ್ಧಾಂತ, ಪ್ರಸಂಗಕಲೆ, ಆಪ್ತಸಮಾಲೋಚನೆ, ಸಂಗೀತ ಎಲ್ಲವನ್ನೂ ಕಲಿಸಬೇಕು. ಆದಿತ್ಯವಾರ ಅವರೇ ಆರಾಧನೆ ನಡೆಸಬೇಕು, ವಾರದಲ್ಲಿ ಮದುವೆ ಮಣ್ಣಿಗೂ ಅವರೇ ಹೋಗಬೇಕು. ಒಬ್ಬರಿಗೆ ಸಭಾ ಚರಿತ್ರೆ ಚೆನ್ನಾಗಿ ಗೊತ್ತಿದ್ದರೆ ಹಳೆ ಒಡಂಬಡಿಕೆಯ ಮೂಲ ಭಾಷೆಯಾದ ಇಬ್ರಿಯದ (ಹೀಬ್ರೂ) ಗಂಧವಿರುವುದಿಲ್ಲ. ಪಕ್ಕದ ಜಿಲ್ಲೆಯ ಶಾಲೆಯಲ್ಲಿ ಇಬ್ರಿಯ ಬಲ್ಲವರು ಇರುತ್ತಾರೆ, ಅಲ್ಲಿ ಸಮಾಲೋಚನೆ ಕಲಿಸುವವರಿಲ್ಲ. ಒಂದೂರಿನಲ್ಲಿ ಇರುವುದು ಇನ್ನೊಂದೂರಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ.

ಇದು ನಮಗೊಬ್ಬರಿಗೇ ಬಂದ ಸಮಸ್ಯೆಯೂ ಅಲ್ಲ, ನಾವೇ ಮೊದಲು ಕಂಡುಕೊಂಡ ಪರಿಹಾರವೂ ಅಲ್ಲ. ಏಷ್ಯಾದ ಸುವಾರ್ತಾ ವಿದ್ಯಾಲಯಗಳು 1970ರಲ್ಲಿಯೇ ಏಷ್ಯಾ ಥಿಯೊಲಾಜಿಕಲ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಒಂದುಗೂಡಿದವು. ಬೇರೆ ಬೇರೆ ಖಂಡಗಳ ಇಂಥ ಸಂಘಗಳನ್ನು ಒಂದೆಡೆ ತರುವ ಅಂತರರಾಷ್ಟ್ರೀಯ ಮಂಡಳಿ 1980ರಲ್ಲಿ ಸ್ಥಾಪನೆಯಾಯಿತು. ಈಗ ಅದನ್ನು ಐಸೆಟೆ ಎಂದು ಕರೆಯುತ್ತಾರೆ. ಆ ಮಂಡಳಿ 1983ರಲ್ಲಿ ದೇವಶಾಸ್ತ್ರ ಶಿಕ್ಷಣದ ನವೀಕರಣಕ್ಕಾಗಿ ಒಪ್ಪಿಕೊಂಡ ಪ್ರಣಾಳಿಕೆಯಲ್ಲಿ 12 ಅಂಶಗಳಿವೆ. ಶಿಕ್ಷಣವು ನೆಲದ ಸಂದರ್ಭಕ್ಕೆ ಹೊಂದಬೇಕು ಎಂಬುದರಿಂದ ಅದು ಆರಂಭವಾಗುತ್ತದೆ, ಶಾಲೆಗಳು ಪರಸ್ಪರ ಸಹಕರಿಸಬೇಕು ಎಂಬುದರೊಂದಿಗೆ ಮುಗಿಯುತ್ತದೆ. ಆ ಮೊದಲ ಅಂಶಕ್ಕೂ ಕೊನೆಯ ಅಂಶಕ್ಕೂ ಇರುವ ನಂಟನ್ನು ಒಕ್ಕೂಟಗಳನ್ನು ನಡೆಸುವವರು ಹಲವು ಬಾರಿ ಮರೆಯುತ್ತಾರೆ ಎಂಬುದು ನನ್ನ ಅನಿಸಿಕೆ. ನೆಲಕ್ಕೆ ಹೊಂದದ ಸಹಕಾರ ಸಭೆ ಸಮಾವೇಶಗಳಲ್ಲಿಯೇ ಖರ್ಚಾಗಿ ಹೋಗುತ್ತದೆ.

ಇನ್ನು ಸೇವೆಯ ವಿಚಾರ. ನನ್ನ ದೃಷ್ಟಿಯಲ್ಲಿ ಇದರ ಅತ್ಯುತ್ತಮ ಭಾಗ ಅಧ್ಯಾಪಕರ ವಿನಿಮಯ, ಮತ್ತು ಕಟ್ಟಿದ ಶುಲ್ಕವೆಲ್ಲ ಅದೊಂದರಲ್ಲಿಯೇ ವಸೂಲಾಗುತ್ತದೆ. ಒಂದು ವಿಷಯವನ್ನು ವಾರಕ್ಕೆರಡು ತಾಸಿನಂತೆ ಇಡೀ ವರ್ಷ ಎಳೆಯುವ ಬದಲು, ಆ ವಿಷಯದಲ್ಲಿ ಪಳಗಿದ ಒಬ್ಬರು ಬಂದು ಒಂದೆರಡು ವಾರ ನಮ್ಮಲ್ಲಿಯೇ ಉಳಿದು, ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಕಲಿಸುತ್ತಾರೆ. ಅವರ ಪ್ರಯಾಣದ ಖರ್ಚು ಕರೆಸಿಕೊಂಡ ಶಾಲೆಯದು, ಸಂಬಳ ಅವರ ಮೂಲ ಶಾಲೆಯದು. ಬದಲಿಗೆ ನಮ್ಮವರೊಬ್ಬರು ಅವರ ಶಾಲೆಗೆ ಹೋಗುತ್ತಾರೆ. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ತಿಯಾದ ಮೇಲೆ ಈ ಹೋಗಿಬರುವ ಕೆಲಸ ಬಹಳ ಹಗುರವಾಗಿದೆ. ವಯಸ್ಸಾದ ಅಧ್ಯಾಪಕರು ಬಸ್ಸಿನಲ್ಲಿ ಮೈಕೈ ನೋಯಿಸಿಕೊಳ್ಳದೆ ಹುಮನಾಬಾದ, ಕಮಲಾಪುರದ ಮೇಲಿಂದ ಬಂದಿಳಿಯುತ್ತಾರೆ.

ಇಂಥ ಒಂದು ತರಗತಿಯನ್ನು ವಿವರವಾಗಿ ಹೇಳಬೇಕು, ಏಕೆಂದರೆ ಒಕ್ಕೂಟದ ಕರಪತ್ರದಲ್ಲಿ ಇದು ಎಲ್ಲೂ ಸಿಗುವುದಿಲ್ಲ. ಕಲಬುರಗಿ ಜಿಲ್ಲೆಯ ಶಾಲೆಯಿಂದ ಬಂದ ಹಿರಿಯ ಅಧ್ಯಾಪಕರೊಬ್ಬರು ಬೈಬಲಿನ ರೂತಳ ಗ್ರಂಥವನ್ನು ಕಲಿಸುತ್ತಿದ್ದರು. ಎರಡನೆಯ ಅಧ್ಯಾಯಕ್ಕೆ ಬಂದಾಗ ಅವರು ವ್ಯಾಖ್ಯಾನವನ್ನು ಬದಿಗಿಟ್ಟು, ಈ ತರಗತಿಯಲ್ಲಿ ಹಕ್ಕಲಾಯ್ದವರು, ಅಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆರಿಸಿದವರು, ಯಾರಾದರೂ ಇದ್ದೀರಾ ಎಂದು ಕೇಳಿದರು. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಶಹಾಪುರ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಎದ್ದು ನಿಂತು, “ನಮ್ಮವ್ವ ಜ್ವಾಳದ ಹಕ್ಕಲಾ ಆಯಲಾಕ ಹೋಗ್ತಿದ್ಳರಿ ಸರ್, ಸಣ್ಣಾಕಿ ಇದ್ದಾಗ ನಾನೂ ಹೋಗೀನ್ರಿ” ಎಂದಳು. ರಾಶಿ ಆದ ಹೊಲಕ್ಕೆ ಯಾರು ಮೊದಲು ಇಳಿಯುತ್ತಾರೆ, ಯಾವ ಗೌಡರು ಹೊಲದಂಚಿನಲ್ಲಿ ಕಾವಲು ನಿಲ್ಲಿಸುತ್ತಾರೆ, ಯಾವ ಮನೆಯವರು ನೋಡಿಯೂ ನೋಡದಂತೆ ಒಂದಿಷ್ಟು ತೆನೆ ಬಿಟ್ಟುಹೋಗುತ್ತಾರೆ, ಒಂಟಿ ಹೆಂಗಸು ಹೋದರೆ ಕೂಲಿಯಾಳುಗಳು ಏನು ಮಾತಾಡುತ್ತಾರೆ ಎಂಬುದನ್ನೆಲ್ಲ ಅವಳು ಒಂದೊಂದಾಗಿ ಹೇಳಿದಳು. ರೂತಳು ಹಕ್ಕಲಾಯುತ್ತಿದ್ದ ಹೊಲದ ಒಡೆಯ ಬೋವಜನು ತನ್ನ ಆಳುಗಳಿಗೆ ಆಕೆಯನ್ನು ಮುಟ್ಟಬೇಡಿರೆಂದು ಅಪ್ಪಣೆ ಕೊಟ್ಟದ್ದು ಎಷ್ಟು ದೊಡ್ಡ ಮಾತು ಎಂಬುದು ಆ ದಿನ ತರಗತಿಗೆ ತಾನಾಗಿಯೇ ತಿಳಿಯಿತು. ಹಳೆ ಒಡಂಬಡಿಕೆಯ ನಿಯಮಗಳ ಗ್ರಂಥವಾದ ಯಾಜಕಕಾಂಡದಲ್ಲಿ ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬಾರದೆಂದಿರುವ ನಿಯಮವನ್ನು ಅಧ್ಯಾಪಕರು ಆಮೇಲೆ ಓದಿಸಿದರು. ಅದನ್ನು ಬರೆದುಕೊಳ್ಳಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ.

ಬೆಂಗಳೂರಿನ ಉಪನ್ಯಾಸವನ್ನು ಪರದೆಯ ಮೇಲೆ ತೋರಿಸಿದ್ದರೆ ಈ ಮಾತು ಹೊರಬರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಕ್ಕೂಟದವರು ಈಚೆಗೆ ಆನ್‌ಲೈನ್ ತರಗತಿಗಳಿಗೆ ಹೆಚ್ಚು ಒತ್ತು ಕೊಡುತ್ತಿದ್ದಾರೆ. ಅದರಿಂದ ಖರ್ಚು ಉಳಿಯುತ್ತದೆ, ನಿಜ. ಆದರೆ ನೆರೆಯ ಜಿಲ್ಲೆಯ, ನಮ್ಮದೇ ಮಣ್ಣಿನ, ನಮ್ಮದೇ ಮಾತಿನ ಅಧ್ಯಾಪಕರು ಎದುರಿಗೆ ಕುಳಿತು ಕಲಿಸುವುದಕ್ಕೆ ಅದು ಸಮನಾಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ತರಗತಿಯೇ ಹೋಯಿತು ಎಂಬುದು ಬೇರೆ ಮಾತು.

ಪುಸ್ತಕಗಳ ವಿನಿಮಯ ಎರಡನೆಯ ಸೇವೆ. ಒಂದು ಶಾಲೆಯ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಇನ್ನೊಂದರಿಂದ ತರಿಸಿಕೊಳ್ಳಬಹುದು. ಪುಸ್ತಕಗಳು ತಗಡಿನ ಟ್ರಂಕಿನಲ್ಲಿ ಬಸ್ ಪಾರ್ಸೆಲ್ಲಾಗಿ ಬರುತ್ತವೆ. ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿದ ಪಟ್ಟಿಯಲ್ಲಿ ಪ್ರತಿ ಪುಸ್ತಕದ ಹೆಸರು, ಯಾವ ಶಾಲೆಯದು, ಯಾವ ಸ್ಥಿತಿಯಲ್ಲಿ ಬಂತು, ಯಾವ ಸ್ಥಿತಿಯಲ್ಲಿ ಹೋಯಿತು ಎಂದು ಬರೆಯಬೇಕು. ಹರಿದ ಹಾಳೆಯ ಲೆಕ್ಕವೂ ಅದರಲ್ಲಿರುತ್ತದೆ. ಈ ಶಿಸ್ತು ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ಶಾಲೆಗಳು ಪುಸ್ತಕ ಕೊಡಲು ಹಿಂಜರಿಯುವುದು ಜಿಪುಣತನದಿಂದಲ್ಲ, ಹೋದ ಪುಸ್ತಕ ಮರಳಿ ಬರುವುದಿಲ್ಲವೆಂಬ ಭಯದಿಂದ. ಪಟ್ಟಿ ಸರಿಯಾಗಿ ಇಟ್ಟ ಮೇಲೆ ಆ ಭಯ ಕಡಿಮೆಯಾಗಿದೆ.

ಆದರೆ ಟ್ರಂಕಿನೊಳಗೆ ಬರುವ ಪುಸ್ತಕಗಳಲ್ಲಿ ಕನ್ನಡದವು ಬೆರಳೆಣಿಕೆಯಷ್ಟು. ನಮ್ಮ ಕಲ್ಯಾಣ ಕರ್ನಾಟಕದ್ದೇ ಆದ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಕನ್ನಡ ಬೈಬಲನ್ನು ಸಿದ್ಧಪಡಿಸಿ, 1831ರಲ್ಲಿ ಅದು ಪೂರ್ಣವಾಗಿ ಹೊರಬಂದು ಎರಡು ಶತಮಾನ ಸಮೀಪಿಸುತ್ತಿದೆ. ಹೀಗಿದ್ದೂ ಕಾಲೇಜು ಮಟ್ಟದಲ್ಲಿ ಪಾಠಕ್ಕೆ ಇಡಬಹುದಾದ ಕನ್ನಡದ ವ್ಯಾಖ್ಯಾನಗಳು, ಸಭಾ ಚರಿತ್ರೆಯ ಗ್ರಂಥಗಳು, ಗ್ರೀಕ್ ಮತ್ತು ಇಬ್ರಿಯ ವ್ಯಾಕರಣಗಳು ನಮ್ಮಲ್ಲಿ ಒಂದು ಅಲಮಾರಿಯನ್ನೂ ತುಂಬುವುದಿಲ್ಲ. ಯಾವ ಶಾಲೆಯೂ ಒಂಟಿಯಾಗಿ ಈ ಕೊರತೆ ನೀಗಿಸಲಾರದು. ಒಬ್ಬರು ಬರೆದು, ಮತ್ತೊಬ್ಬರು ತಿದ್ದಿ, ಹತ್ತು ಶಾಲೆಗಳು ಪಠ್ಯವಾಗಿ ಇಟ್ಟುಕೊಂಡರೆ ಮಾತ್ರ ಮುದ್ರಣದ ಖರ್ಚು ಹುಟ್ಟುತ್ತದೆ. ಒಕ್ಕೂಟ ಇರುವುದೇ ಇಂಥ ಕೆಲಸಕ್ಕೆ ಎಂದು ನಾನು ನಂಬಿದ್ದೇನೆ, ಮತ್ತು ಇದುವರೆಗೆ ಇದರಲ್ಲಿ ಆಗಿರುವ ಕೆಲಸ ತೀರ ಕಡಿಮೆ. ವಿದೇಶದ ಡಿಜಿಟಲ್ ಗ್ರಂಥಾಲಯಗಳಿಗೆ ಪ್ರವೇಶ ಕೊಡಿಸಿದ್ದೇವೆಂದು ಒಕ್ಕೂಟದ ವರದಿಯಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಅದರಿಂದ ಅಧ್ಯಾಪಕರಿಗೆ ಪ್ರಯೋಜನವಿದೆ, ವಿದ್ಯಾರ್ಥಿಗಳಿಗೆ ಹೆಚ್ಚೇನೂ ಇಲ್ಲ.

ಉತ್ತರಪತ್ರಿಕೆಗಳ ಅದಲುಬದಲು ಮೌಲ್ಯಮಾಪನವನ್ನು ನಾನು ಇನ್ನೂ ಎತ್ತರದ ಸ್ಥಾನದಲ್ಲಿ ಇಡುತ್ತೇನೆ. ನಮ್ಮ ವಿದ್ಯಾರ್ಥಿಗಳ ಪತ್ರಿಕೆಗಳನ್ನು ಹೆಸರಿಲ್ಲದೆ, ಬರೀ ಸಂಖ್ಯೆ ಹಾಕಿ ಬೇರೆ ಶಾಲೆಗೆ ಕಳಿಸುತ್ತೇವೆ. ಅವರ ಪತ್ರಿಕೆಗಳು ನಮ್ಮಲ್ಲಿಗೆ ಬರುತ್ತವೆ. ಮೊದಲ ಸುತ್ತಿನಲ್ಲಿ ಎಲ್ಲ ಶಾಲೆಗಳಲ್ಲೂ ಅಂಕಗಳು ಇಳಿದವು. ಸಣ್ಣ ಶಾಲೆಯಲ್ಲಿ ಅಧ್ಯಾಪಕರಿಗೆ ವಿದ್ಯಾರ್ಥಿಯ ಮನೆಯ ಕಷ್ಟ ಗೊತ್ತು, ಅವನ ಸಭೆಯ ಹಿರಿಯರು ಗೊತ್ತು, ರಾತ್ರಿ ಹೊಲಕ್ಕೆ ನೀರು ಬಿಟ್ಟು ಬೆಳಿಗ್ಗೆ ಪರೀಕ್ಷೆಗೆ ಕುಳಿತದ್ದೂ ಗೊತ್ತು. ಕರುಣೆ ಅಂಕಗಳಲ್ಲಿ ಸೇರಿಕೊಳ್ಳುವುದು ಸಹಜ. ಆದರೆ ಅದೇ ವಿದ್ಯಾರ್ಥಿ ನಾಳೆ ಪೀಠದ ಮೇಲೆ ನಿಂತು ತಪ್ಪು ಬೋಧಿಸಿದರೆ ಅದರ ಫಲ ಉಣ್ಣುವವರು ಸಭೆಯವರು. ಹೊರಗಿನವರು ತಿದ್ದತೊಡಗಿದ ಮೇಲೆ ಕಂಠಪಾಠದ ಉತ್ತರಗಳು ಕಡಿಮೆಯಾಗಿ, ವಚನವನ್ನು ಅದರ ಸಂದರ್ಭದಲ್ಲಿಟ್ಟು ಬರೆಯುವ ಅಭ್ಯಾಸ ನಿಧಾನವಾಗಿ ಬರುತ್ತಿದೆ. ಬೇರೆ ಶಾಲೆಯ ಪತ್ರಿಕೆ ತಿದ್ದುವಾಗ ಅಲ್ಲಿಯ ಕಲಿಸುವ ಕ್ರಮವೂ ಕಣ್ಣಿಗೆ ಬೀಳುತ್ತದೆ. ಯಾದಗಿರಿ ಕಡೆಯ ಒಂದು ಶಾಲೆಯ ಪತ್ರಿಕೆಗಳಲ್ಲಿ ಪ್ರತಿ ಉತ್ತರದ ಕೊನೆಗೂ ಈ ಪಾಠವನ್ನು ನಿಮ್ಮ ಹಳ್ಳಿಯಲ್ಲಿ ಹೇಗೆ ಹೇಳುತ್ತೀರಿ ಎಂಬ ಸಣ್ಣ ಪ್ರಶ್ನೆ ಇತ್ತು. ಅದನ್ನು ನಾವೂ ನಮ್ಮ ಪ್ರಶ್ನೆಪತ್ರಿಕೆಗೆ ಸೇರಿಸಿಕೊಂಡೆವು.

ಮಾನ್ಯತೆಯ ವಿಚಾರದಲ್ಲಿ ಸೇರಲಿಚ್ಛಿಸುವವರು ಕಣ್ಣು ತೆರೆದು ನೋಡಬೇಕು. ಒಕ್ಕೂಟವು ಸಣ್ಣ ಶಾಲೆಗಳನ್ನು ದೊಡ್ಡ ಸಂಘದ ಮಾನ್ಯತೆಗೆ ಸಿದ್ಧಪಡಿಸುತ್ತದೆ. ಆ ಪ್ರಕ್ರಿಯೆಯಲ್ಲಿ ಶಾಲೆ ಮೊದಲು ತನ್ನ ಆಡಳಿತ, ಹಣಕಾಸು, ಅಧ್ಯಾಪಕರ ಅರ್ಹತೆ, ಗ್ರಂಥಾಲಯ, ಪಠ್ಯಕ್ರಮ ಎಲ್ಲವನ್ನೂ ತಾನೇ ಪರಿಶೀಲಿಸಿ ವರದಿ ಬರೆಯಬೇಕು. ಆಮೇಲೆ ಬೇರೆ ಶಾಲೆಗಳ ಅಧ್ಯಾಪಕರ ತಂಡ ಬಂದು, ವರದಿಯಲ್ಲಿ ಬರೆದದ್ದು ನಿಜವೇ ಎಂದು ನೋಡಿ, ಮೆಚ್ಚುಗೆಯನ್ನೂ ತಿದ್ದುಪಡಿಗಳನ್ನೂ ಬರೆದುಕೊಡುತ್ತದೆ. ಈ ಸ್ವಪರಿಶೀಲನೆಯಿಂದ ಆಗುವ ಲಾಭ ಪ್ರಮಾಣಪತ್ರದಿಂದ ಆಗುವುದಕ್ಕಿಂತ ದೊಡ್ಡದು. ಆದರೆ ಇದು ಸಹೋದರ ಸಂಸ್ಥೆಗಳು ಒಬ್ಬರಿಗೊಬ್ಬರು ಕೊಡುವ ಮಾನ್ಯತೆಯೇ ಹೊರತು ಸರ್ಕಾರದ್ದಲ್ಲ. ಬಂಗಾಳದ ಸೆರಾಂಪೂರ್ ಕಾಲೇಜಿನ ಸಂಗತಿ ಬೇರೆ. 1818ರಲ್ಲಿ ಸ್ಥಾಪನೆಯಾಗಿ, 1827ರಲ್ಲಿ ಡೆನ್ಮಾರ್ಕಿನ ರಾಜನಿಂದ ಸನ್ನದು ಪಡೆದ ಆ ಕಾಲೇಜಿಗೆ 1918ರ ಸೆರಾಂಪೂರ್ ಕಾಲೇಜು ಕಾಯ್ದೆಯ ಬಲವಿದೆ, ಅದರ ಸೆನೆಟ್ಟಿಗೆ ಸಂಯೋಜಿತವಾದ ಕಾಲೇಜುಗಳ ಪದವಿಗಳು ಆ ಕಾನೂನಿನ ಆಧಾರದ ಮೇಲೆ ನಿಂತಿವೆ. ಸುವಾರ್ತಾ ಸಂಘದ ಮಾನ್ಯತೆ ಪಡೆದ ಬಿ.ಟಿಎಚ್. (ದೇವಶಾಸ್ತ್ರದ ಸ್ನಾತಕ) ಪದವಿ ಹಿಡಿದು ಸರ್ಕಾರಿ ನೌಕರಿಗೆ ಅರ್ಜಿ ಹಾಕಬಹುದೆಂದು ಯಾವ ಶಾಲೆಯಾದರೂ ವಿದ್ಯಾರ್ಥಿಗೆ ಹೇಳಿದರೆ ಅದು ಮೋಸ. ಅದೇ ಪದವಿ ಹಿಡಿದು ಇನ್ನೊಂದು ಸುವಾರ್ತಾ ಸೆಮಿನರಿಯಲ್ಲಿ ಎಂ.ಡಿವ್. ಎಂಬ ಸ್ನಾತಕೋತ್ತರ ಪದವಿಗೆ ಸೇರಬಹುದು ಎಂಬುದು ನಿಜವಾದ ಪ್ರಯೋಜನ, ಮತ್ತು ಅದು ಸಣ್ಣದೇನಲ್ಲ. ಒಕ್ಕೂಟಕ್ಕೆ ಸೇರುವ ಮೊದಲು ನಮ್ಮಲ್ಲಿ ಓದಿದವರು ಮುಂದೆ ಓದಬೇಕೆಂದರೆ ಮತ್ತೆ ಮೊದಲನೆಯ ವರ್ಷದಿಂದಲೇ ಆರಂಭಿಸಬೇಕಾಗಿತ್ತು. ಈಗ ಕಲಿತ ವಿಷಯಗಳಿಗೆ ಲೆಕ್ಕ ಸಿಗುತ್ತದೆ.

ಊರು ಬಿಟ್ಟು ಬರಲಾಗದವರಿಗಾಗಿ ಇರುವ ವಿಸ್ತರಣಾ ತರಗತಿಗಳ ಬಗೆಗೂ ಒಂದು ಮಾತು. 1963ರಲ್ಲಿ ಗ್ವಾಟೆಮಾಲಾದ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಬದಲು ತಾನೇ ಅವರಿರುವಲ್ಲಿಗೆ ಹೋಗಿ ಕಲಿಸಲು ಆರಂಭಿಸಿದ ಪದ್ಧತಿ ಇದು. ನಮ್ಮ ದೇಶದಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು 1971ರಿಂದ ತಾಫ್ಟಿ ಎಂಬ ವಿಸ್ತರಣಾ ದೇವಶಾಸ್ತ್ರ ಶಿಕ್ಷಣ ಸಂಸ್ಥೆ ಇದನ್ನು ನಡೆಸುತ್ತ ಬಂದಿದೆ. ಮನೆಯಲ್ಲಿ ಓದಿಕೊಳ್ಳುವ ಪಾಠ, ವಾರಕ್ಕೊಮ್ಮೆ ಗುಂಪಿನಲ್ಲಿ ಚರ್ಚೆ, ಕಲಿತದ್ದನ್ನು ಅದೇ ವಾರ ಸಭೆಯಲ್ಲಿ ಮಾಡಿ ನೋಡುವುದು, ಈ ಮೂರೂ ಕೂಡಿದರೇ ಆ ಪದ್ಧತಿ. ನಮ್ಮ ಒಕ್ಕೂಟವೂ ಇದೇ ದಾರಿಯಲ್ಲಿ ಭಾಲ್ಕಿ ಮತ್ತು ಹುಮನಾಬಾದಗಳಲ್ಲಿ ಗುಂಪುಗಳನ್ನು ನಡೆಸುತ್ತದೆ. ಅವುಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು: ಅಂಗನವಾಡಿ ಕಾರ್ಯಕರ್ತೆಯರು, ಸಭಾಪಾಲಕರ ಹೆಂಡಂದಿರು, ನರ್ಸುಗಳು. ಹಳ್ಳಿಯ ಸಭೆಯಲ್ಲಿ ಸಂಡೇ ಸ್ಕೂಲಿನಿಂದ ಹಿಡಿದು ರೋಗಿಗಳ ಭೇಟಿಯವರೆಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವವರು ಇವರೇ. ತರಬೇತಿಯ ಮಾತು ಬಂದಾಗ ಮಾತ್ರ ಇವರ ನೆನಪು ಕೊನೆಗೆ ಬರುತ್ತಿತ್ತು. ಈ ಗುಂಪುಗಳನ್ನು ಇನ್ನಷ್ಟು ತಾಲ್ಲೂಕುಗಳಿಗೆ ಒಯ್ಯಬೇಕು.

ಬೇರೆ ಬೇರೆ ಪಂಗಡದವರು ಒಂದೆಡೆ ಸೇರಿದರೆ ಸಿದ್ಧಾಂತದ ಜಗಳ ಬರುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಬರುತ್ತದೆ. ನಮ್ಮ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೇರೂರಿದ ಮೆಥೋಡಿಸ್ಟರು ಕೂಸುಗಳಿಗೂ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡುತ್ತಾರೆ. ಬ್ಯಾಪ್ಟಿಸ್ಟ್, ಬ್ರದರನ್ ಮತ್ತು ಪೆಂತೆಕೊಸ್ತ ಸಭೆಗಳವರು ನಂಬಿದವರಿಗೆ ಮಾತ್ರ, ಅದೂ ಮುಳುಗಿಸಿಯೇ ಕೊಡುತ್ತಾರೆ. ಪ್ರಾರ್ಥನೆಯಲ್ಲಿ ತಿಳಿಯದ ಭಾಷೆಯಲ್ಲಿ ಮಾತಾಡುವ ಅನ್ಯಭಾಷೆಯ ವರದ ಬಗ್ಗೆ, ಹೆಂಗಸರು ಪೀಠದಲ್ಲಿ ಬೋಧಿಸುವುದರ ಬಗ್ಗೆ ಒಂದೊಂದು ಕಡೆ ಒಂದೊಂದು ನಿಲುವು. ಒಕ್ಕೂಟದವರು ಇದಕ್ಕೆ ಕಂಡುಕೊಂಡ ವ್ಯವಸ್ಥೆ ಜಾಣತನದ್ದು: ಸತ್ಯವೇದದ ಅಧಿಕಾರ, ತ್ರಯೈಕ ದೇವರು (ತಂದೆ, ಮಗ, ಪವಿತ್ರಾತ್ಮ), ಕ್ರಿಸ್ತನ ಶಿಲುಬೆ ಮತ್ತು ಪುನರುತ್ಥಾನ, ನಂಬಿಕೆಯಿಂದ ಬರುವ ರಕ್ಷಣೆ ಇವನ್ನು ಒಳಗೊಂಡ ವಿಶ್ವಾಸ ಪ್ರಮಾಣಕ್ಕೆ ಎಲ್ಲರೂ ಸಹಿ ಹಾಕುತ್ತಾರೆ, ದೀಕ್ಷಾಸ್ನಾನ ಮತ್ತು ಸಭಾ ಆಡಳಿತದಂಥ ವಿಷಯಗಳನ್ನು ಆಯಾ ಶಾಲೆ ತನ್ನ ಅಧ್ಯಾಪಕರಿಂದಲೇ ಕಲಿಸುತ್ತದೆ, ಭಾಷೆ, ಚರಿತ್ರೆ, ಗ್ರಂಥಾಧ್ಯಯನ, ಸಮಾಲೋಚನೆಗಳನ್ನು ಹಂಚಿಕೊಳ್ಳುತ್ತಾರೆ. ಇದರಿಂದ ಬಂದ ಒಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಒಂದೇ ಹಾಸ್ಟೆಲಿನಲ್ಲಿ ಉಳಿದು ಒಟ್ಟಿಗೆ ಜೋಳದ ರೊಟ್ಟಿ ತಿಂದ ಮೆಥೋಡಿಸ್ಟ್ ಹುಡುಗನೂ ಪೆಂತೆಕೊಸ್ತ ಹುಡುಗನೂ ಮುಂದೆ ಒಂದೇ ಊರಿನಲ್ಲಿ ಸಭಾಪಾಲಕರಾದಾಗ ಒಬ್ಬರ ಸಭೆಯ ಕುಟುಂಬಗಳನ್ನು ಇನ್ನೊಬ್ಬರು ಎಳೆದುಕೊಳ್ಳಲು ಹಿಂಜರಿಯುತ್ತಾರೆ. ಸಣ್ಣ ಊರುಗಳಲ್ಲಿ ಕ್ರೈಸ್ತರ ನಡುವಿನ ಬಹುಪಾಲು ಕಹಿಗೆ ಇದೇ ಮೂಲವೆಂಬುದು ಇಲ್ಲಿಯವರಿಗೆಲ್ಲ ಗೊತ್ತು.

ಈಗ ಕೊರತೆಗಳು. ಎಲ್ಲಕ್ಕಿಂತ ದೊಡ್ಡದು ಕಾಗದಪತ್ರಗಳೆಲ್ಲ ಇಂಗ್ಲಿಷಿನಲ್ಲಿರುವುದು. ಸದಸ್ಯತ್ವದ ಅರ್ಜಿಯಿಂದ ಹಿಡಿದು ಸ್ವಪರಿಶೀಲನೆಯ ವರದಿಯವರೆಗೆ, ಸಭೆಯ ನಡಾವಳಿಯಿಂದ ಹಿಡಿದು ಪಠ್ಯಕ್ರಮದ ನಮೂನೆಯವರೆಗೆ ಒಂದೂ ಕನ್ನಡದಲ್ಲಿಲ್ಲ. ಕನ್ನಡದಲ್ಲಿ ಕಲಿಸುವ ಶಾಲೆಗಳ ಒಕ್ಕೂಟ ಕನ್ನಡದಲ್ಲಿ ಬರೆಯಲು ಒಪ್ಪದಿರುವುದಕ್ಕೆ ಸಮರ್ಥನೆಯೇ ಇಲ್ಲ. ಮೂವತ್ತು ವರ್ಷ ಹಳ್ಳಿಗಳಲ್ಲಿ ಕಲಿಸಿದ ಹಿರಿಯರು ಒಕ್ಕೂಟದ ಸಭೆಯಲ್ಲಿ ಬಾಯಿ ತೆರೆಯದೆ ಕೂರುತ್ತಾರೆ, ಇಂಗ್ಲಿಷ್ ಬಲ್ಲ ಕಿರಿಯರು ಅವರ ಪರವಾಗಿ ತೀರ್ಮಾನ ಮಾಡುತ್ತಾರೆ. ವೇಳಾಪಟ್ಟಿಯೂ ಇದೇ ತೆರನಾದದ್ದು. ದೊಡ್ಡ ಸೆಮಿನರಿಗಳ ಅನುಕೂಲ ನೋಡಿ ಸಾಮೂಹಿಕ ತರಗತಿಗಳನ್ನು ಜನವರಿಯ ಮೊದಲ ವಾರಗಳಲ್ಲಿ ಇಡುತ್ತಾರೆ. ನಮ್ಮಲ್ಲಿ ಆಗ ತೊಗರಿ ರಾಶಿ. ವರ್ಷದ ಗಳಿಕೆ ಕಣದಲ್ಲಿರುವಾಗ ಯಾವ ವಿದ್ಯಾರ್ಥಿಯನ್ನೂ ಬಾ ಎಂದು ಕರೆಯುವ ಬಾಯಿ ನನಗಿಲ್ಲ.

ಇನ್ನೊಂದು ಕಹಿ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ವಿನಿಮಯದ ಮೇಲೆ ನಮ್ಮ ಶಾಲೆಯಿಂದ ದೊಡ್ಡ ನಗರವೊಂದರ ಸಂಸ್ಥೆಗೆ ಕಲಿಸಲು ಹೋದ ಯುವ ಅಧ್ಯಾಪಕರೊಬ್ಬರನ್ನು ಆ ಸಂಸ್ಥೆಯವರು ನಮಗೆ ಒಂದು ಮಾತೂ ತಿಳಿಸದೆ ಹೆಚ್ಚಿನ ಸಂಬಳ ಕೊಟ್ಟು ತಮ್ಮಲ್ಲಿಯೇ ಇಟ್ಟುಕೊಂಡರು. ಆ ಅಧ್ಯಾಪಕರ ಮೇಲೆ ನನಗೆ ಬೇಸರವಿಲ್ಲ. ಅವರಿಗೂ ಸಂಸಾರವಿದೆ, ಮಕ್ಕಳ ಶಾಲೆಯ ಫೀ ಇದೆ. ಆದರೆ ಅವರ ಮೇಲಿನ ಓದಿಗೆ ನಮ್ಮ ಹಳ್ಳಿಯ ಸಭೆಗಳು ವರ್ಷಗಟ್ಟಲೆ ಕಾಣಿಕೆ ಕೂಡಿಸಿದ್ದವು, ಸುಗ್ಗಿಯಲ್ಲಿ ತೊಗರಿ ಚೀಲ ತಂದು ಕೊಟ್ಟವರೂ ಇದ್ದರು. ಒಕ್ಕೂಟದ ಸಭೆಯಲ್ಲಿ ಈ ಮಾತೆತ್ತಿದಾಗ ಎಲ್ಲರೂ ಪ್ರಾರ್ಥನೆ ಮಾಡೋಣ ಎಂದರು, ನಿಯಮ ಮಾಡೋಣ ಎಂದು ಯಾರೂ ಹೇಳಲಿಲ್ಲ. ದೊಡ್ಡವರೂ ಸಣ್ಣವರೂ ಒಂದೇ ಒಕ್ಕೂಟದಲ್ಲಿದ್ದಾಗ ಪ್ರತಿಭೆ ಏರಿನ ಕಡೆಗೇ ಹರಿಯದಂತೆ ಬರವಣಿಗೆಯಲ್ಲಿ ಒಂದು ಕಟ್ಟುಪಾಡು ಬೇಕೇ ಬೇಕು: ವಿನಿಮಯಕ್ಕೆ ಹೋದವರನ್ನು ಕೆಲವು ವರ್ಷಗಳವರೆಗೆ ಮೂಲ ಶಾಲೆಯ ಒಪ್ಪಿಗೆಯಿಲ್ಲದೆ ನೇಮಿಸಿಕೊಳ್ಳಬಾರದು, ಒಪ್ಪಿಗೆ ಸಿಕ್ಕರೆ ಅವರ ಓದಿನ ಖರ್ಚಿನಲ್ಲಿ ಪಾಲು ಮರಳಿಸಬೇಕು.

ಹಣ ಸಿಗುತ್ತದೆಂಬ ಆಸೆಯಿಂದ ಸೇರುವವರಿಗೂ ಒಂದು ಎಚ್ಚರಿಕೆ ಇದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಬೆಂಗಳೂರಿನ ದೊಡ್ಡ ಶಾಲೆಯ ಮೂಲಕ ಬೀದರಿನ ಸಣ್ಣ ಶಾಲೆಗೆ ವಿದೇಶದ ಹಣ ಹರಿದು ಬರುವ ಕಾಲ ಮುಗಿದಿದೆ. ನನಗೆ ಇದರಿಂದ ದುಃಖವಿಲ್ಲ. ಒಕ್ಕೂಟದಲ್ಲಿ ಉಳಿದವರು ಅಧ್ಯಾಪಕರಿಗಾಗಿ, ಪುಸ್ತಕಗಳಿಗಾಗಿ ಉಳಿದಿದ್ದಾರೆ, ಮತ್ತು ಸದಸ್ಯತ್ವದ ಶುಲ್ಕವೂ ಬೆಂಗಳೂರಿನಿಂದ ಒಬ್ಬ ಅತಿಥಿ ಉಪನ್ಯಾಸಕರನ್ನು ಕರೆಸಿ, ಇರಿಸಿ, ಕಳಿಸುವ ಖರ್ಚಿಗಿಂತ ಕಡಿಮೆ.

ಕಲಬುರಗಿ ಮತ್ತು ಯಾದಗಿರಿಯ ಶಾಲೆಗಳವರು ಅರ್ಜಿ ತುಂಬುವ ಮೊದಲು ಒಕ್ಕೂಟದ ಕಾರ್ಯದರ್ಶಿಗಳನ್ನು ನೇರವಾಗಿ ಕೇಳಬೇಕಾದ ಪ್ರಶ್ನೆಗಳಿವೆ: ಬರುವ ವರ್ಷ ನಮ್ಮಲ್ಲಿಗೆ ಯಾವ ವಿಷಯ ಕಲಿಸಲು ಯಾರು ಬರುತ್ತಾರೆ, ಅವರು ಕನ್ನಡದಲ್ಲಿ ಕಲಿಸುತ್ತಾರೆಯೇ, ನಮ್ಮ ಅಧ್ಯಾಪಕರು ಹೋದರೆ ಮರಳಿ ಬರುವ ಭರವಸೆ ಏನು. ಬರೀ ಸಮಾವೇಶದ ಆಮಂತ್ರಣ ಉತ್ತರವಾಗಿ ಬಂದರೆ ಒಂದು ವರ್ಷ ಕಾಯುವುದು ಲೇಸು. ಐದಾರು ವಿದ್ಯಾರ್ಥಿಗಳಷ್ಟೇ ಇರುವ ಶಾಲೆಗಳು ಪೂರ್ಣ ಸದಸ್ಯತ್ವದ ಬದಲು ಹತ್ತಿರದ ಸದಸ್ಯ ಶಾಲೆಯ ವಿಸ್ತರಣಾ ಕೇಂದ್ರವಾಗಿ ನಡೆಯುವುದು ಒಳ್ಳೆಯದು. ಖರ್ಚು ಕಡಿಮೆ, ಕಲಿಕೆಯ ಮಟ್ಟ ಅದೇ.

ನಮ್ಮ ಶಾಲೆಯ ಆಡಳಿತ ಸಮಿತಿ ಈ ವರ್ಷವೂ ಸದಸ್ಯತ್ವವನ್ನು ನವೀಕರಿಸಿದೆ. ಶುಲ್ಕದ ಡಿಡಿಯೊಂದಿಗೆ ಕನ್ನಡದಲ್ಲಿ ಬರೆದ ಒಂದು ಪತ್ರವನ್ನೂ ಕಳಿಸಿದ್ದೇವೆ. ನಡಾವಳಿ ಮತ್ತು ನಮೂನೆಗಳು ಮುಂದಿನ ಶೈಕ್ಷಣಿಕ ವರ್ಷದೊಳಗೆ ಕನ್ನಡದಲ್ಲಿಯೂ ದೊರೆಯಬೇಕು, ಸಾಮೂಹಿಕ ತರಗತಿಗಳು ರಾಶಿ ಮುಗಿದ ಮೇಲೆ ಫೆಬ್ರವರಿಯಲ್ಲಿ ನಡೆಯಬೇಕು, ಅಧ್ಯಾಪಕರ ನೇಮಕದ ಕಟ್ಟುಪಾಡು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲನೆಯದಾಗಿ ಬರಬೇಕು ಎಂದು ಅದರಲ್ಲಿ ಕೇಳಿದ್ದೇವೆ. ಇದೇ ಕೋರಿಕೆಗಳನ್ನು ಇನ್ನೂ ನಾಲ್ಕಾರು ಶಾಲೆಗಳು ತಮ್ಮ ಅರ್ಜಿಯ ಜೊತೆಗೆ ಕಳಿಸಿದರೆ ಒಕ್ಕೂಟದವರು ಅವನ್ನು ಪಕ್ಕಕ್ಕೆ ಸರಿಸಲಾರರು.